ಅರವತ್ತೆರಡನೆಯ ಮೆಟ್ಟಿಲು

ಮೇ 5, ಸೋಮವಾರ. ಪರ್ತ್

ಉಮಾಕಾಂತ ಮಾವ ನಿನ್ನೆ ಬೆಳಿಗ್ಗೆ ಅಡಿಲೇಡಿನಲ್ಲಿ ತೀರಿಕೊಂಡರು. 'ದಿ ಹಾಲೋ' ಉದ್ಯಾನದಲ್ಲಿ ನಾಯಿ ತಿರುಗಾಡಿಸಲು ಬಂದ ಹೆಂಗಸೊಬ್ಬಳು ಮೊದಲು ನೋಡಿದಳಂತೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಮೇಲೆ ಕೂತಿದ್ದರು, ಮಡಿಲಲ್ಲಿ ಪುಸ್ತಕ, ಕೈಯಲ್ಲಿ ಪೆನ್ಸಿಲ್. ಹೃದಯ ನಿಂತಿತ್ತು.

ಅಮ್ಮನಿಗೆ ಇದ್ದದ್ದು ಅವರೊಬ್ಬರೇ ಅಣ್ಣ. ಆದರೂ ಇವತ್ತು ಕ್ಲಿನಿಕ್ಕಿಗೆ ಹೋಗಿ ರೋಗಿಗಳನ್ನು ನೋಡಿ ಬಂದಳು. ಬಂದವಳು ಕಾರಿನಿಂದ ಇಳಿಯಲೇ ಇಲ್ಲ. ನಾನು ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಇಬ್ಬರೂ ಗ್ಯಾರೇಜಿನ ಗೋಡೆ ನೋಡುತ್ತ ಅರ್ಧ ಗಂಟೆ ಕೂತಿದ್ದೆವು.

ಈ ಪುಸ್ತಕ ಮಾವ ಕೊಟ್ಟದ್ದು. ಅವರು ಸರ್ವೇಯರ್. ಸರ್ವೇಯವರು ಮೈದಾನದಲ್ಲಿ ನೆಲದ ಎತ್ತರ ತಗ್ಗು ಬರೆದುಕೊಳ್ಳುವ ಲೆವೆಲ್ ಪುಸ್ತಕ ಇದು, ಹಳದಿ ರಟ್ಟು, ಪುಟದ ತುಂಬ ಅಂಕಣಗಳು. ಎರಡು ವರ್ಷದ ಹಿಂದೆ ನಾನು ಹನ್ನೊಂದನೆಯ ತರಗತಿ ಅರ್ಧಕ್ಕೆ ಬಿಟ್ಟಾಗ ಬೈಯದೆ ಇದ್ದವರು ಅವರೊಬ್ಬರೇ. ಶಾಲೆಯಲ್ಲಿ ಒಂದು ಕಾದಂಬರಿಯ ಬಗ್ಗೆ ನಾಲ್ಕು ಪುಟ ಬರೆಯಲು ಹೇಳಿದ್ದರು. ನಾನು ಅದನ್ನು ಓದಿರಲಿಲ್ಲ, ಓದಿಲ್ಲ ಎಂದು ಬರೆದುಕೊಟ್ಟೆ. ಅಲ್ಲಿಂದ ಜಗಳ ಶುರುವಾಗಿ ಕೊನೆಗೆ ಬಿಡುವವರೆಗೆ ಹೋಯಿತು. ಅದನ್ನು ಕೇಳಿ ಮಾವ ಫೋನಿನಲ್ಲಿ ಎಷ್ಟು ನಕ್ಕರೆಂದರೆ ಕೆಮ್ಮು ಬಂತು. ಆಮೇಲೆ ಈ ಪುಸ್ತಕ ಕಳಿಸಿದರು, ಜೊತೆಗೆ ಎರಡು ನಿಯಮ. ಕಂಡದ್ದನ್ನು ಕಂಡಲ್ಲೇ ಬರೆಯಬೇಕು. ರಬ್ಬರ್ ಮುಟ್ಟಬಾರದು. ತಪ್ಪಾಗಿದ್ದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು ಸರಿಯಾದದ್ದನ್ನು ಪಕ್ಕದಲ್ಲಿ ಬರೆಯಬೇಕು, ತಪ್ಪು ಕೂಡ ಓದಲು ಸಿಗಬೇಕು.

"ಅಳಿಸಿದ ಪುಸ್ತಕಾನ ಯಾರೂ ನಂಬಲ್ಲ ಪೂರ್ವಿ," ಎಂದಿದ್ದರು.

ಕನ್ನಡದಲ್ಲಿ ಬರೆದರೆ ಈ ಮನೆಯಲ್ಲಿ ಓದಬಲ್ಲವರು ಅಪ್ಪ, ಅಮ್ಮ ಇಬ್ಬರೇ. ಅಪ್ಪ ಹೆಚ್ಚು ದಿನ ಗಣಿಯಲ್ಲಿರುತ್ತಾರೆ, ಅಮ್ಮನಿಗೆ ಪುರಸೊತ್ತಿಲ್ಲ. ಮೈಸೂರಿನಲ್ಲಿ ಆರನೆಯ ತರಗತಿವರೆಗೆ ಕಲಿತದ್ದು ಇಷ್ಟಕ್ಕಾದರೂ ಬಂತು.

ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಾವ ಪ್ರತಿ ಡಿಸೆಂಬರಿನಲ್ಲಿ ನನ್ನ ಎತ್ತರ ಗುರುತು ಮಾಡುತ್ತಿದ್ದರು. ತಲೆಯ ಮೇಲೆ ಪುಟ್ಟ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಉಸಿರಾಡಬೇಡ ಎನ್ನುತ್ತಿದ್ದರು. ಕಳೆದ ಡಿಸೆಂಬರಿನ ಗುರುತು ಕೊನೆಯದು. ಇವತ್ತು ಅಲ್ಲಿ ಬೆನ್ನು ಕೊಟ್ಟು ನಿಂತೆ. ಕೂದಲಿಗೆ ಸರಿಯಾಗಿ ತಾಗುತ್ತದೆ.

ಗುರುವಾರ ಮಾವ ಫೋನ್ ಮಾಡಿದ್ದರು. ಶನಿವಾರ ಬಾ, ಭಾನುವಾರ ಬೆಳಿಗ್ಗೆ ಹಾಲೋಗೆ ಹೋಗಿ ಒಂದನ್ನು ಎಣಿಸಬೇಕು ಎಂದರು. ನನಗೆ ಶನಿವಾರ ಕೆಫೆಯಲ್ಲಿ ಶಿಫ್ಟ್ ಇತ್ತು. ಹೋಗಲು ಆಗಲಿಲ್ಲ.

ಮೇ 7, ಬುಧವಾರ. ಅಡಿಲೇಡ್

ಪ್ರಾಸ್ಪೆಕ್ಟ್ ಬಡಾವಣೆಯ ಮಾವನ ಮನೆ. ಗೀತಾ ಅತ್ತೆ ಮಂಚದ ಮೇಲೆ ಮಾವನ ಕಡೆಯ ಜಾಗ ಬಿಟ್ಟು ಕೂತಿದ್ದಾರೆ. ಮಗ ಸಿದ್ಧಾರ್ಥ ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್‌ನಿಂದ ಬಂದಿದ್ದಾನೆ, ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ನನಗಿಂತ ಎಂಟು ವರ್ಷ ದೊಡ್ಡವನು. ಇಲ್ಲೇ ಹುಟ್ಟಿದವನಾದ್ದರಿಂದ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷು.

ಹಾಲಿನ ಗೋಡೆಯಲ್ಲಿ ಹಾಲೋದ ನಕ್ಷೆ ಚೌಕಟ್ಟು ಹಾಕಿ ತೂಗುಬಿಟ್ಟಿದೆ. ನೆಲದೊಳಗೆ ತೋಡಿದ ದುಂಡನೆಯ ಬೋಗುಣಿ, ಸುತ್ತಲೂ ಮೆಟ್ಟಿಲು, ನಮ್ಮ ಕಡೆಯ ಕಲ್ಯಾಣಿಯ ಹಾಗೆ. ಮೂಲೆಯಲ್ಲಿ ಬರೆದಿದೆ, 61 ಮೆಟ್ಟಿಲು, ತಲಾ 15 ಸೆಂಟಿಮೀಟರ್. ಪೋರ್ಚುಗಲ್ಲಿನ ಹೆಸರಾಂತ ವಾಸ್ತುಶಿಲ್ಪಿಯೊಬ್ಬ ಅದನ್ನು ರೂಪಿಸಿದ. ನೋಡಲು ದೇಶ ದೇಶಗಳಿಂದ ಜನ ಬರುತ್ತಾರೆ. ಮೆಟ್ಟಿಲು ಕೂರಿಸುವಾಗ ಅಳತೆ ಹಿಡಿದವರು ನಮ್ಮ ಮಾವ. ಉದ್ಘಾಟನೆಯ ದಿನ ಎಲ್ಲರೂ ಕೆಳಗೆ ಇಳಿದರೂ ವಾಸ್ತುಶಿಲ್ಪಿ ಮಾತ್ರ ಮೇಲೆಯೇ ನಿಂತಿದ್ದನಂತೆ. ಮಾವ ಅದನ್ನು ಜೋಕಿನಂತೆ ಹೇಳುತ್ತಿದ್ದರು.

ಕಳೆದ ಚಳಿಗಾಲದಿಂದ ಮಾವ ಒಂದೇ ಮಾತು ಹಿಡಿದಿದ್ದರು. ಉಪಕರಣ ಇಟ್ಟು ನೋಡಿದರೆ ಅರವತ್ತೊಂದು, ಕಾಲಲ್ಲಿ ಇಳಿದರೆ ಅರವತ್ತೆರಡು. ಯಾರೂ ನಂಬಲಿಲ್ಲ. ಸಿದ್ಧಾರ್ಥ ನೆನಪಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಏನೂ ಸಿಗಲಿಲ್ಲ. "ಅರ್ಲಿ ಸ್ಟೇಜ್‌ನಲ್ಲಿ ಸಿಗಲ್ಲ, ಪೂರ್ವಿ," ಎಂದ ಇವತ್ತು ನನಗೆ. ಊಟದ ಡಬ್ಬಿ ತಂದುಕೊಟ್ಟ ಕನ್ನಡ ಸಂಘದವರೂ ಹಜಾರದಲ್ಲಿ ಅದನ್ನೇ ಮೆಲ್ಲಗೆ ಮಾತಾಡುತ್ತಿದ್ದರು, ಪಾಪ, ಕೊನೆಗಾಲಕ್ಕೆ ತಲೆ ಸ್ವಲ್ಪ ಹಾಗಾಗಿತ್ತಂತೆ ಎಂದು.

ಅತ್ತೆಗೆ ಅದು ಕೇಳಿಸಿತು. ನನ್ನ ಕೈ ಹಿಡಿದು ಕೂರಿಸಿಕೊಂಡರು.

"ಹೌದು ಅನ್ಬೇಕೋ ಅಲ್ಲ ಅನ್ಬೇಕೋ ಗೊತ್ತಾಗ್ತಿಲ್ಲ ಕಣೆ. ಕೊನೆಕೊನೆಗೆ ಹೊಸಿಲು ಎಡವ್ತಿದ್ರು. ಈ ಸ್ವಿಚ್ಚೆಲ್ಲ ಯಾಕಿಷ್ಟು ಮೇಲೆ ಹಾಕಿದಾರೆ ಅಂತ ಕೇಳೋರು. ಇಪ್ಪತ್ತು ವರ್ಷ ಇದ್ದ ಮನೆ."

ಸುಮ್ಮನೆ ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಆ ಉದ್ಯಾನಕ್ಕೆ ಮನೆಯವರು ಯಾರೂ ಕಾಲಿಡಬಾರದು ಎಂದು ಅತ್ತೆ ಹೇಳಿದ್ದಾರೆ.

ಮೇ 10, ಶನಿವಾರ

ಹೋಗಿದ್ದೆ.

ಅಂಗಡಿಗೆ ಎಂದು ಹೇಳಿ ಹೋಗಲಿಲ್ಲ. ಹಾಲೋಗೆ ಹೋಗಿ ಬರುತ್ತೇನೆ ಎಂದೇ ಅಮ್ಮನಿಗೆ ಹೇಳಿದೆ. ಅಮ್ಮ ಅತ್ತೆಯ ಕೋಣೆಯ ಕಡೆ ನೋಡಿ, ಕೇಳಿಸಿಕೊಳ್ಳದವಳ ಹಾಗೆ ಕೊತ್ತಂಬರಿ ಬಿಡಿಸುವುದನ್ನು ಮುಂದುವರಿಸಿದಳು.

ಹೊರಗಿನಿಂದ ನೋಡಿದರೆ ಏನೂ ಇಲ್ಲ. ಹುಲ್ಲು, ಹುಲ್ಲಿನ ನಡುವೆ ಒಂದು ದೊಡ್ಡ ದುಂಡನೆಯ ಅಂಚು. ಅಂಚಿಗೆ ಹೋಗಿ ನಿಂತರೆ ಮಾತ್ರ ನೆಲ ಬಾಯಿ ತೆರೆದಿದೆ ಎಂದು ಗೊತ್ತಾಗುತ್ತದೆ. ಬೂದು ಕಲ್ಲಿನ ಮೆಟ್ಟಿಲುಗಳು ಸುತ್ತಲಿಂದ ಇಳಿಯುತ್ತ ಸಣ್ಣದಾಗುತ್ತ ಹೋಗಿ ತಳದಲ್ಲಿ ಬೆರಳು ಮುಳುಗುವಷ್ಟು ನೀರಿಗೆ ಮುಟ್ಟುತ್ತವೆ. ಹಿಡಿದುಕೊಳ್ಳಲು ಕಂಬಿ ಇಲ್ಲ, ಬೆಂಚು ಇಲ್ಲ, ಒಂದು ಮರವೂ ಇಲ್ಲ. ನೀರಿನಲ್ಲಿ ಆಕಾಶ ಇತ್ತು.

ಪ್ರವಾಸಿಗಳ ಗುಂಪೊಂದಕ್ಕೆ ಮಾರ್ಗದರ್ಶಿ ಹೆಂಗಸು ವಿವರಿಸುತ್ತಿದ್ದಳು. ರೂಪಿಸುವಾಗ ವಾಸ್ತುಶಿಲ್ಪಿಗೆ ಅರವತ್ತೊಂದು ವರ್ಷವಾಗಿತ್ತು, ಅದಕ್ಕೇ ಅಷ್ಟು ಮೆಟ್ಟಿಲು. ಮೂವತ್ತೊಂದನೆಯದಕ್ಕೆ ಇಳಿದಾಗ ಊರು ಕಣ್ಣಿಂದ ಮರೆಯಾಗುತ್ತದೆ, ಅಲ್ಲಿಂದ ಮುಂದೆ ಶಬ್ದವೂ ಇಲ್ಲ. ಎಲ್ಲರೂ ಎಣಿಸುತ್ತಾರೆ, ಯಾರ ಲೆಕ್ಕವೂ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ ಎಂದಳು. ಎಲ್ಲರೂ ನಕ್ಕರು. ನಗುತ್ತಲೇ ಇಳಿಯತೊಡಗಿದರು. ಅರ್ಧಕ್ಕೆ ಹೋಗುವಷ್ಟರಲ್ಲಿ ಒಬ್ಬರ ದನಿಯೂ ಇರಲಿಲ್ಲ. ತಳದಲ್ಲಿ ನಿಂತವರು ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಂಡರು. ಒಂಬತ್ತು ಮೀಟರ್ ದೂರಕ್ಕೆ ಮನುಷ್ಯರು ಅಷ್ಟು ಚಿಕ್ಕದಾಗಿ ಕಾಣುವುದಿಲ್ಲ.

ನಾನು ಇಳಿಯಲಿಲ್ಲ. ಅತ್ತೆಯ ಮಾತಿಗೆ ಬೆಲೆ ಕೊಟ್ಟು ಎಂದು ಬರೆಯಬಹುದು, ಆದರೆ ಅದಲ್ಲ. ಹೆದರಿಕೆಯಾಯಿತು.

ಎದುರಿನ ಅಂಚಿನಲ್ಲಿ ಒಂದು ಕಾಗೆ ಕೂತಿತ್ತು. ಇಲ್ಲಿನ ಕಾಗೆಗಳ ಕಣ್ಣು ಬಿಳಿ. ಕೂಗುವುದು ಕಾ ಎಂದಲ್ಲ, ಯಾರೋ ದೂರು ಹೇಳಿಕೊಂಡು ಅತ್ತ ಹಾಗೆ, ಕೊನೆಗೆ ಎಳೆದು ಎಳೆದು ನಿಲ್ಲುತ್ತದೆ. ಅದು ಕೂಗಲಿಲ್ಲ. ನಾನು ಹೊರಡುವವರೆಗೆ ನೋಡುತ್ತಿತ್ತು.

ಮೇ 13, ಮಂಗಳವಾರ

ಹತ್ತನೆಯ ದಿನ. ಬೆಳಿಗ್ಗೆಯೇ ಗ್ಲೆನೆಲ್ಗ್ ಕಡಲ ದಂಡೆಗೆ ಹೋದೆವು. ಹರ್ಷ ಭಟ್ಟರು ಮಾಡಿಸಿದರು. ಅವರು ವಾರದ ದಿನಗಳಲ್ಲಿ ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ, ಇವತ್ತು ರಜೆ ಹಾಕಿ ಬಂದಿದ್ದರು. ಸಿದ್ಧಾರ್ಥ ಚಳಿಗೆ ನಡುಗುತ್ತ ಒದ್ದೆ ಪಂಚೆಯಲ್ಲಿ ಕೂತು, ಹೇಳಿಕೊಟ್ಟ ಹಾಗೆ ಪಿಂಡ ಇಟ್ಟ. ಎಲ್ಲರೂ ಹಿಂದೆ ಸರಿದು ನಿಂತೆವು.

ಬಂದದ್ದು ಕಾಗೆಯಲ್ಲ, ಸೀಗಲ್ಲು, ಬಿಳಿ ಕಡಲ ಹಕ್ಕಿ. ಒಂದಲ್ಲ, ಇಪ್ಪತ್ತು. ನನ್ನನ್ನೂ ಅಮ್ಮನನ್ನೂ ಎರಡು ಕಡೆ ನಿಲ್ಲಿಸಿ ಟವೆಲ್ ಬೀಸಿ ಓಡಿಸಲು ಹೇಳಿದರು. ಓಡಿಬಂದ ಒಬ್ಬ ಮುದುಕ ನಾವು ಪಿಕ್ನಿಕ್ಕಿಗೆ ಬಂದವರೆಂದುಕೊಂಡು, ಅವಕ್ಕೆ ತಿಂಡಿ ತೋರಿಸಿದರೆ ಬಿಡುವುದಿಲ್ಲ ಎಂದು ಬುದ್ಧಿ ಹೇಳಿ ಹೋದ. ಸೀಗಲ್ ಮುಟ್ಟಿದರೆ ನಡೆಯುವುದಿಲ್ಲವೇ ಎಂದು ಸಿದ್ಧಾರ್ಥ ಕೇಳಿದ. ಭಟ್ಟರು ಹಕ್ಕಿಗಳ ಕಡೆ ನೋಡಿದರು. "ಶಾಸ್ತ್ರದಲ್ಲಿ ಸೀಗಲ್ ಬಗ್ಗೆ ಏನೂ ಹೇಳಿಲ್ಲಪ್ಪ," ಎಂದರು. ಅತ್ತೆಯೂ ಒಂದು ಕ್ಷಣ ನಕ್ಕರು.

ಆಮೇಲೆ ಕಾಗೆ ಬಂತು. ಕಡಲೊಳಗೆ ಚಾಚಿದ ಜೆಟ್ಟಿಯ ಕಂಬಿಯ ಮೇಲೆ ಇಳಿಯಿತು. ಸೀಗಲ್ಲುಗಳು ತಾವಾಗಿ ದೂರ ಹೋದವು.

ಕಾಗೆ ಕೆಳಗೆ ಬಂದು ಪಿಂಡದಿಂದ ಒಂದು ಮಾರು ದೂರ ನಿಂತಿತು. ಮುಟ್ಟಲಿಲ್ಲ. ಹತ್ತು ನಿಮಿಷ, ಹದಿನೈದು. ಹೋದವರಿಗೆ ಏನೋ ಆಸೆ ಉಳಿದಿದೆ, ಅದನ್ನು ನಡೆಸಿಕೊಡುತ್ತೇವೆ ಎಂದು ಮಾತು ಕೊಟ್ಟರೆ ಮುಟ್ಟುತ್ತದೆ ಎಂದರು ಭಟ್ಟರು. ಸಿದ್ಧಾರ್ಥ, ತನ್ನ ಅಮ್ಮನನ್ನು ಜೊತೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತೇನೆ ಎಂದ. ಕಾಗೆ ಕದಲಲಿಲ್ಲ. ಅಮ್ಮ, ಅತ್ತಿಗೆಗೆ ವಾರಕ್ಕೆ ಎರಡು ಸಲ ಫೋನ್ ಮಾಡುತ್ತೇನೆ ಅಣ್ಣ ಎಂದಳು. ಅತ್ತೆ, ನನ್ನ ಚಿಂತೆ ಬಿಡಿ, ಮಗ ಹೇಳಿದ ಹಾಗೆ ಕೇಳಿಕೊಂಡು ಇರುತ್ತೇನೆ ಎಂದರು. ಅದು ಒಬ್ಬೊಬ್ಬರ ಮುಖ ನೋಡಿ ಆಮೇಲೆ ನನ್ನ ಕಡೆ ತಿರುಗಿತು. ನಾನು ಬರೆಯುತ್ತಿರುವುದು ಕಂಡದ್ದನ್ನೇ.

ಅಮ್ಮ ನನ್ನ ತೋಳು ಹಿಡಿದಳು. ಮತ್ತೆ ಓದುತ್ತೇನೆ ಎಂದು ಹೇಳಿಬಿಡು, ಅವನಿಗೆ ಅದೊಂದು ಕೊರಗಿತ್ತು ಎಂದಳು.

"ನಾನು ಓದ್ತೀನೋ ಇಲ್ವೋ ಗೊತ್ತಿಲ್ಲಮ್ಮ. ಗೊತ್ತಿಲ್ದೇ ಇರೋದನ್ನ ಹೇಳಲ್ಲ."

ಕಾಗೆ ಇನ್ನೂ ಒಂದು ನಿಮಿಷ ಕಾದು, ಹಾರಿ, ಊರಿನ ಕಡೆ ಹೋಯಿತು.

ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿದರೂ ಆಗುತ್ತದೆ ಎಂದರು ಭಟ್ಟರು. ಅತ್ತೆ ಬೇಡ ಎಂದುಬಿಟ್ಟರು. ಹುಲ್ಲಿನ ಕಾಗೆ ತಿಂದರೆ ಹುಲ್ಲಿಗೆ ಹೊಟ್ಟೆ ತುಂಬುತ್ತದೆ, ಅವರಿಗಲ್ಲ ಎಂದರು. ಪಿಂಡವನ್ನು ಕಡಲಿಗೆ ಬಿಟ್ಟೆವು. ಟ್ರಾಮ್ ನಿಲ್ದಾಣದ ಪಕ್ಕ ಕಾರು ನಿಲ್ಲಿಸಿದ್ದೆವು, ಅಲ್ಲಿಗೆ ನಡೆಯುವಾಗ ಅತ್ತೆ ನನ್ನ ಪಕ್ಕ ಬಂದರು.

"ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಪೂರ್ವಿ?"

ಮನೆಗೆ ಬಂದು ಅವರು ನೀರೂ ಕುಡಿದಿಲ್ಲ. ಮಾವ ತಿನ್ನುವವರೆಗೆ ತಾನೂ ತಿನ್ನುವುದಿಲ್ಲ ಎಂದಿದ್ದಾರೆ.

ಅದೇ ದಿನ, ಸಂಜೆ

ಮೇ 5ರ ಪುಟದಲ್ಲಿ ಒಂದು ಸಾಲಿನ ಮೇಲೆ ಗೆರೆ ಎಳೆದಿದ್ದೇನೆ. ಶನಿವಾರ ಶಿಫ್ಟ್ ಇತ್ತು ಎಂಬ ಸಾಲು.

ಶಿಫ್ಟ್ ಇರಲಿಲ್ಲ. ಕೆಲಸವೇ ಇರಲಿಲ್ಲ, ಅದನ್ನು ಏಪ್ರಿಲ್ ಕೊನೆಯಲ್ಲೇ ಬಿಟ್ಟಿದ್ದೆ. ಮಾವ ಫೋನ್ ಮಾಡಿದಾಗ ಹಾಸಿಗೆಯಲ್ಲಿ ಬಿದ್ದುಕೊಂಡು ಸೀಲಿಂಗ್ ಫ್ಯಾನ್ ನೋಡುತ್ತಿದ್ದೆ. "ಬಂದು ಎಣಿಸ್ಕೊಡು ಪೂರ್ವಿ. ಎಷ್ಟು ಬಂದ್ರೆ ಅಷ್ಟು ಹೇಳು, ಅರವತ್ತೊಂದು ಅಂದ್ರೂ ಒಪ್ಕೋತೀನಿ. ನಮ್ಮನೇಲಿ ಇರೋದನ್ನ ಇದ್ದ ಹಾಗೆ ಹೇಳೋಳು ನೀನೊಬ್ಳೇ," ಎಂದರು. ಏಳಲು ಮನಸ್ಸಾಗಲಿಲ್ಲ, ಅಷ್ಟೇ. ಶಿಫ್ಟ್ ಇದೆ ಮಾವ ಎಂದೆ. ಸರಿ ಪುಟ್ಟಿ, ಕೆಲಸ ಮುಖ್ಯ ಎಂದರು. ಮೂರು ದಿನ ಕಳೆದು ಒಬ್ಬರೇ ಹೋದರು.

ಅವರಿಗೂ ಸುಳ್ಳು ಹೇಳಿದೆ, ಈ ಪುಸ್ತಕಕ್ಕೂ ಹೇಳಿದೆ.

ಇದನ್ನು ಸಿದ್ಧಾರ್ಥನಿಗೆ ಹೇಳಿದೆ, ಅವನು ಬಟ್ಟೆ ಒಗೆಯುವ ಯಂತ್ರದ ಮುಂದೆ ಕೂತಿದ್ದ. ಬೈಯುತ್ತಾನೆ ಎಂದುಕೊಂಡೆ. ಬಹಳ ಹೊತ್ತು ಬಟ್ಟೆ ತಿರುಗುವುದನ್ನೇ ನೋಡಿ, ನಾಳೆ ಬೆಳಿಗ್ಗೆ ಇಬ್ಬರೂ ಹೋಗೋಣ ಎಂದ. ಅರವತ್ತೊಂದು ಎಂದು ಒಮ್ಮೆ ಖಚಿತವಾದರೆ ಅಪ್ಪನಿಗಿದ್ದದ್ದು ಕಾಯಿಲೆ ಎಂದು ತನ್ನ ಅಮ್ಮನನ್ನಾದರೂ ಒಪ್ಪಿಸಬಹುದು, ಈಗ ಅವಳು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದ.

ಮೇ 14, ಬುಧವಾರ

ಎಲ್ಲವನ್ನೂ ಆದ ಕ್ರಮದಲ್ಲೇ ಬರೆಯುತ್ತೇನೆ.

ಸಿದ್ಧಾರ್ಥ ಅಡುಗೆಮನೆಯ ಮೇಜಿನ ಮೇಲೆ ಕಡಲೆಕಾಳು ಎಣಿಸಿದ, ಪ್ರಾಸ್ಪೆಕ್ಟ್ ರೋಡಿನ ಅಂಗಡಿಯಿಂದ ತಂದದ್ದು. ಅರವತ್ತೊಂದು. ಎರಡು ಸಲ ಎಣಿಸಿದ, ಮೂರನೆಯ ಸಲ ನನಗೆ ಎಣಿಸಲು ಹೇಳಿದ. ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಮೆಟ್ಟಿಲಿಗೆ ಒಂದು ಕಾಳು ಇಡುತ್ತ ಇಳಿಯುವುದು. ಬಾಯಿ ಲೆಕ್ಕ ತಪ್ಪಬಹುದು, ಕಾಳು ತಪ್ಪುವುದಿಲ್ಲ ಎಂದ. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಡಬ್ಬಿ ನೋಡಿದರು. ತಡೆಯಲಿಲ್ಲ.

ಏಳೂವರೆಗೆ ಅಲ್ಲಿದ್ದೆವು. ಬಿಸಿಲು ಹುಲ್ಲಿನ ಮೇಲೆ ಬಿದ್ದಿತ್ತು, ಬೋಗುಣಿಯೊಳಗೆ ಇರಲಿಲ್ಲ. ಬೇರೆ ಯಾರೂ ಇರಲಿಲ್ಲ. ನಾನು ಕಾಳು ಇಡುತ್ತ ಮುಂದೆ, ಅವನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಎಣಿಸುತ್ತ ಒಂದು ಮೆಟ್ಟಿಲು ಹಿಂದೆ. ಮೂವತ್ತೊಂದಕ್ಕೆ ಊರು ಮರೆಯಾಯಿತು. ರಸ್ತೆಯ ಸದ್ದು ನಿಂತಿತು. ನಲವತ್ತರ ಮೇಲೆ ಅವನ ದನಿ ಹಿಂದಿನಿಂದ ಬರುವ ಬದಲು ಕೆಳಗಿನಿಂದ ಬಂದ ಹಾಗಿತ್ತು. ತಿರುಗಿ ನೋಡಿದೆ, ಅವನು ಹಿಂದೆಯೇ ಇದ್ದ.

ಅರವತ್ತೊಂದನೆಯ ಕಾಳು ಇಟ್ಟೆ. ಡಬ್ಬಿ ಖಾಲಿ.

ಕೆಳಗೆ ಇನ್ನೊಂದು ಮೆಟ್ಟಿಲಿತ್ತು. ಅದರ ಕೆಳಗೆ ನೀರು.

ಸಿದ್ಧಾರ್ಥ ಡಬ್ಬಿ ಕಸಿದುಕೊಂಡು ಅಲ್ಲಾಡಿಸಿದ. ಜೇಬು ತಡಕಿದ. ಎಲ್ಲೋ ಒಂದು ಬಿಟ್ಟಿರಬೇಕು ಎಂದು ಮೇಲಿನ ತನಕ ಹತ್ತಿ ನೋಡಿ ಇಳಿದು ಬಂದ. ಎಲ್ಲ ಮೆಟ್ಟಿಲಲ್ಲೂ ಒಂದೊಂದು ಕಾಳು ಇತ್ತು. ದಿನವೂ ರೋಗಿಗಳಿಗೆ ಔಷಧದ ಅಳತೆ ಹೇಳುವವನು ಅವನು. ಖಾಲಿ ಡಬ್ಬಿಯೊಳಗೆ ಬೆರಳಾಡಿಸಿ ನೋಡಿದ.

"ಐ ಕೌಂಟೆಡ್ ದೆಮ್, ಪೂರ್ವಿ. ಮೂರು ಸಲ ಎಣಿಸಿದ್ವಿ ಅಲ್ವಾ?"

"ಎಣಿಸಿದ್ವಿ."

"ಹಾಗಾದ್ರೆ ನಾನು ಅಪ್ಪನ್ನ..." ಎಂದವನು ಮೇಲಿನ ಮೆಟ್ಟಿಲುಗಳ ಕಾಳುಗಳ ಕಡೆ ತಿರುಗಿದ.

ನಾನು ಆ ಕೊನೆಯ ಮೆಟ್ಟಿಲಿಗೆ ಇಳಿದು ಕೂತೆ. ಅವನು ಇಳಿಯಲಿಲ್ಲ, ಅರವತ್ತೊಂದರಲ್ಲೇ ನಿಂತ. ಕಲ್ಲು ಮಂಜಿನಂತೆ ಕೊರೆಯುತ್ತಿತ್ತು. ನನ್ನ ಬಲಗಡೆ, ಒಬ್ಬರು ಕೂರುವಷ್ಟು ಜಾಗ ಮಾತ್ರ ತಣ್ಣಗಿರಲಿಲ್ಲ. ಕೈ ಇಟ್ಟು ನೋಡಿದೆ, ಎರಡು ಸಲ. ಆ ಜಾಗ ಬಿಟ್ಟು ಕೂತುಕೊಂಡೆ.

ಆಮೇಲೆ ಹೇಳಿದೆ. "ಮಾವ, ಅವತ್ತು ಶಿಫ್ಟ್ ಇರಲಿಲ್ಲ. ಸುಳ್ಳು ಹೇಳ್ದೆ. ಈಗ ಬಂದಿದೀನಿ. ಅರವತ್ತೆರಡು. ನೀವು ಎಣಿಸಿದ್ದು ಸರಿ."

ಅಲ್ಲಿ ಪ್ರತಿಧ್ವನಿ ಇಲ್ಲ. ಮಾತು ಬಾಯಿಂದ ಹೊರಗೆ ಬಂದು ಎಲ್ಲಿಗೋ ಹೋಗಿಬಿಡುತ್ತದೆ.

ಮೇಲಿನಿಂದ ಟಕ್ ಎಂದಿತು. ಕಾಗೆ ಮೊದಲನೆಯ ಮೆಟ್ಟಿಲಿನ ಕಾಳು ತಿಂದಿತು. ಎರಡನೆಯದಕ್ಕೆ ಕುಪ್ಪಳಿಸಿತು, ಟಕ್. ಅವಸರವೇ ಇಲ್ಲ. ಒಂದೊಂದಾಗಿ ತಿನ್ನುತ್ತ ನಮ್ಮ ಕಡೆ ಇಳಿಯಿತು. ನಾವಿಬ್ಬರೂ ಅಲುಗಾಡಲಿಲ್ಲ. ಸಿದ್ಧಾರ್ಥನ ಕಾಲ ಹತ್ತಿರವೇ ಕೊನೆಯ ಕಾಳು ತಿಂದು, ಕಾಳಿಲ್ಲದ ನಮ್ಮ ಮೆಟ್ಟಿಲಿಗೆ ಹಾರಿ, ನಾನು ಖಾಲಿ ಬಿಟ್ಟಿದ್ದ ಜಾಗದ ಮುಂದೆ ನಿಂತಿತು. ಬಿಳಿ ಕಣ್ಣಿನಿಂದ ಆ ಜಾಗವನ್ನೊಮ್ಮೆ ನನ್ನನ್ನೊಮ್ಮೆ ನೋಡಿತು. ಆಮೇಲೆ ನೇರ ಮೇಲಕ್ಕೆ ಹಾರಿ ಹೋಯಿತು. ಸಿದ್ಧಾರ್ಥ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಮಾವ ಸತ್ತ ದಿನದಿಂದ ಅವನು ಅತ್ತಿರಲಿಲ್ಲ.

ಹತ್ತುವಾಗ ಎಣಿಸಿದೆ. ಅರವತ್ತೊಂದಕ್ಕೆ ಹುಲ್ಲು ಬಂತು. ಇನ್ನೊಂದಿದೆ ಎಂದು ಕಾಲೆತ್ತಿದೆ, ಇರಲಿಲ್ಲ. ಇಳಿದದ್ದು ಅರವತ್ತೆರಡು, ಹತ್ತಿದ್ದು ಅರವತ್ತೊಂದು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ, ಶಿಫ್ಟಿನ ಸುಳ್ಳನ್ನೂ.

"ಕಾಗೆ ತಿಂತಾ? ನಿಜ?"

"ನಿಜ ಅತ್ತೆ. ಎಲ್ಲಾನೂ ತಿಂತು."

ನಾನು ನಿನ್ನೆ ಸುಳ್ಳು ಹೇಳಿದ್ದರೆ ಇವತ್ತಿನದನ್ನು ಅವರು ನಂಬುತ್ತಿರಲಿಲ್ಲ ಎಂದರು. ಹಜಾರದಲ್ಲಿದ್ದ ಸಂಘದವರಿಗೆ ಕೇಳುವಷ್ಟು ಗಟ್ಟಿಯಾಗಿ, ನಮ್ಮ ಮನೆಯವರ ತಲೆ ಸರಿಯಾಗೇ ಇತ್ತು ಎಂದರು. ಆಮೇಲೆ ಎರಡು ತುತ್ತು ಮೊಸರನ್ನ ತಿಂದರು. ಮಾವನ ಮಡಿಲಲ್ಲಿ ಇದ್ದ ಪುಸ್ತಕವನ್ನು ನನಗೆ ಕೊಟ್ಟರು.

ಒಳಗೆ ಬರುವಾಗ ಹೊಸಿಲು ಎಡವಿ ಹೆಬ್ಬೆರಳಿನ ಉಗುರು ಕಿತ್ತಿದೆ. ಬರೆಯುವಾಗಲೂ ಉರಿಯುತ್ತಿದೆ.

ಮೇ 19, ಸೋಮವಾರ. ಇಪ್ಸ್‌ವಿಚ್

ವೈಕುಂಠ ಸಮಾರಾಧನೆ ಮುಗಿಸಿ, ಅತ್ತೆಯನ್ನು ಬಿಡಲು ನಾನೂ ಸಿದ್ಧಾರ್ಥನ ಜೊತೆ ಬಂದೆ. ಅಮ್ಮ ಪರ್ತಿಗೆ ಹೋದಳು. ಅತ್ತೆ ನಿದ್ದೆ ಮಾಡುತ್ತಿದ್ದಾರೆ. ಹತ್ತು ದಿನದ ನಿದ್ದೆಯನ್ನು ಒಟ್ಟಿಗೆ ಮಾಡುತ್ತಿದ್ದಾರೆ ಎಂದು ಸಿದ್ಧಾರ್ಥ ಹೇಳುತ್ತಾನೆ.

ಮಾವನ ಪುಸ್ತಕದಲ್ಲಿ ಏಳು ಪುಟ ಹಾಲೋದ್ದು. ಪ್ರತಿ ಪುಟದಲ್ಲೂ ಇಳಿದದ್ದು 62, ಹತ್ತಿದ್ದು 61, ವ್ಯತ್ಯಾಸ 1. ಪುಟದ ಕೆಳಗೆ ಹಿಂದಿನದನ್ನೂ ಕೂಡಿಸುತ್ತ ಹೋಗಿದ್ದಾರೆ. ಆರನೆಯ ಪುಟದಲ್ಲಿ ಒಟ್ಟು ವ್ಯತ್ಯಾಸ 6. ಏಳನೆಯದರಲ್ಲಿ ಇಳಿದದ್ದು 62 ಎಂದು ಬರೆದಿದ್ದಾರೆ. ಹತ್ತಿದ್ದು ಎಂಬ ಅಂಕಣ ಖಾಲಿ.

ನೆಲದ ಎತ್ತರ ಅಳೆಯುವುದನ್ನು ಕಲಿಸುವ ಅವರ ಲೆವೆಲಿಂಗ್ ಪಠ್ಯಪುಸ್ತಕವನ್ನೂ ತಂದಿದ್ದೇನೆ. ನೂರಾ ಹತ್ತು ಪುಟ ಆಯಿತು. ಓದಬೇಕೆಂದಲ್ಲ, ಅವರು ಯಾಕೆ ಮತ್ತೆ ಮತ್ತೆ ಹೋದರು ಎಂದು ತಿಳಿಯಲು. ಉತ್ತರ ಅದರಲ್ಲಿದೆ. ಅಳತೆ ಎಲ್ಲಿಂದ ಶುರುವಾಯಿತೋ ಅಲ್ಲಿಗೇ ವಾಪಸ್ ಬಂದು ಮುಚ್ಚಬೇಕು. ವ್ಯತ್ಯಾಸ ಉಳಿದರೆ ಕೆಲಸ ಮುಗಿದ ಹಾಗಲ್ಲ, ಮತ್ತೆ ಹೋಗಿ ಅಳೆಯಬೇಕು.

ನಿನ್ನೆ ಮನಸ್ಸಿಗೆ ಬದಲಾವಣೆಯಾಗಲಿ ಎಂದು ಸಿದ್ಧಾರ್ಥ ಬ್ರಿಸ್ಬೇನ್ ನದಿ ದಂಡೆಯ ಉದ್ಯಾನಕ್ಕೆ ಕರೆದುಕೊಂಡು ಹೋದ. ಹೂವಿನ ಚಪ್ಪರ, ಮಕ್ಕಳು, ಐಸ್‌ಕ್ರೀಮು. ನದಿಗೆ ಇಳಿಯುವ ಒಂದು ಕಡೆ ಹತ್ತೊಂಬತ್ತು ಮೆಟ್ಟಿಲು. ಇಳಿದಾಗ ಹತ್ತೊಂಬತ್ತು, ಹತ್ತಿದಾಗಲೂ ಹತ್ತೊಂಬತ್ತು. ನಾಲ್ಕು ಸಲ ನೋಡಿದೆ. "ಪೂರ್ವಿ, ಸ್ಟಾಪ್," ಎಂದ. ಅವನು ಹಾಲೋದ ಬಗ್ಗೆ ಈಗ ಮಾತೆತ್ತುವುದಿಲ್ಲ.

ಇವನ ಮನೆ ಹೊಸದು, ಆದರೆ ಕಟ್ಟಿದವರಿಗೆ ಬುದ್ಧಿ ಇಲ್ಲ. ಸ್ನಾನದ ಮನೆಯ ಸ್ವಿಚ್ಚು ಕೈ ಮೇಲಕ್ಕೆ ಚಾಚಿದರೆ ಮಾತ್ರ ಸಿಗುತ್ತದೆ. ಮಧ್ಯಾಹ್ನ ಅದನ್ನು ಹಾಕುತ್ತಿದ್ದಾಗ ಅತ್ತೆ ಮಹಡಿಯಿಂದ ಇಳಿದು ಬಂದವರು ನಡುವೆಯೇ ನಿಂತುಬಿಟ್ಟರು. ಬಿಳುಚಿಕೊಂಡಿದ್ದರು.

"ಪೂರ್ವಿ, ನಾನು ಕೊಟ್ಟ ಆ ಪುಸ್ತಕ ವಾಪಸ್ ಕೊಟ್ಬಿಡು ಮಗಳೇ."

ಯಾಕೆ ಎಂದು ಕೇಳಿದೆ. ಕೊಟ್ಬಿಡು ಎಂದಷ್ಟೇ ಅಂದರು. ಇನ್ನೂ ಓದಿ ಮುಗಿದಿಲ್ಲ, ಮುಗಿದ ಮೇಲೆ ಕೊಡುತ್ತೇನೆ ಎಂದೆ. ಅವರು ಹತ್ತಿರ ಬಂದು ನನ್ನ ಎರಡೂ ಪಾದಗಳನ್ನು ನೋಡಿದರು, ಎಲ್ಲೋ ಹೂತುಕೊಂಡಿವೆಯೋ ಎಂಬ ಹಾಗೆ. ಆ ಉದ್ಯಾನಕ್ಕೆ ಇನ್ನು ಹೋಗುವುದಿಲ್ಲ ಎಂದು ಆಣೆ ಮಾಡು ಎಂದರು. ನಾನು ಆಣೆ ಮಾಡಲಿಲ್ಲ.

ಮೇ 24, ಶನಿವಾರ. ಪರ್ತ್

ವಾಪಸ್ ಬಂದೆ. ಪಠ್ಯಪುಸ್ತಕ ಓದುತ್ತಾ ಇದ್ದೇನೆ, ಎರಡನೆಯ ಸಲ. ಸಂಜೆವರೆಗೆ ಕೂತ ಜಾಗದಿಂದ ಏಳಲಿಲ್ಲ ಎಂದು ಅಮ್ಮ ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದಳು, ಸಂತೋಷದಿಂದಲೇ. ಹಿಂದೆ ನಾನು ಪುಸ್ತಕ ಹಿಡಿದು ಹತ್ತು ನಿಮಿಷ ಕೂತವಳಲ್ಲ.

ಅಮ್ಮ ಬಂದು ತಲೆ ಸವರಿದಳು. ಚಿಕ್ಕವಳಿದ್ದಾಗ ಸವರುತ್ತಿದ್ದ ಹಾಗೆ, ಕೈ ಎತ್ತದೆಯೇ. ನಾನಾಗ ನಿಂತಿದ್ದೆ.

ಮೇ 26, ಸೋಮವಾರ

ಚೌಕಟ್ಟಿನ ಹತ್ತಿರ ಬೆನ್ನು ಕೊಟ್ಟು ನಿಂತೆ. ಡಿಸೆಂಬರಿನ ಗುರುತು ತಲೆಗಿಂತ ಹದಿನೈದು ಸೆಂಟಿಮೀಟರ್ ಮೇಲಿದೆ. ಹಳೆಯ ಮರ, ಎಲ್ಲೋ ಸರಿದಿರಬೇಕು.

ಕೊನೆಯ ವಾಕ್ಯದ ಮೇಲೆ ಗೆರೆ ಎಳೆದಿದ್ದೇನೆ. ಮರ ಸರಿದಿಲ್ಲ. ಮಾವ ಇಲ್ಲೇ ಬಿಟ್ಟಿದ್ದ ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುವೆಯೇ ನಿಂತಿತು.

ಹಾಲೋದ ಒಂದು ಮೆಟ್ಟಿಲಿನ ಎತ್ತರ, ಇಳಿದದ್ದಕ್ಕೂ ಹತ್ತಿದ್ದಕ್ಕೂ ಉಳಿದ ಅದೇ ವ್ಯತ್ಯಾಸ. ಹಾಗೇ ಬಿಟ್ಟರೆ ಮತ್ತೆ ಸುಳ್ಳು ಹೇಳಿದ ಹಾಗೆ. ಶನಿವಾರಕ್ಕೆ ಅಡಿಲೇಡಿನ ಟಿಕೆಟ್ ಮಾಡಿದ್ದೇನೆ. ಅಮ್ಮ ಪಾತ್ರೆ ಒರೆಸುತ್ತ, ವಾಪಸ್ ಯಾವಾಗ ಬರ್ತೀಯ ಎಂದು ಕೇಳಿದಳು. ಸೋಮವಾರ ಎಂದರೆ ಸಾಕಿತ್ತು, ಅವಳು ಆ ಕಡೆ ತಿರುಗಿಕೊಂಡು ಒರೆಸುತ್ತಿರುತ್ತಿದ್ದಳು.

"ಗೊತ್ತಿಲ್ಲಮ್ಮ," ಎಂದೆ.

ಮುಂದಿನ ಪುಟಕ್ಕೆ ಈಗಲೇ ಗೆರೆ ಹಾಕಿಟ್ಟಿದ್ದೇನೆ. ಇಳಿದದ್ದಕ್ಕೆ ಒಂದು ಅಂಕಣ, ಹತ್ತಿದ್ದಕ್ಕೆ ಒಂದು.